ಕಾಮೆಂಟ್ ನುಂಗುತ್ತಿದ್ದ ಲಿಸ್ಪ್ ರೀಡರ್‌ಗೆ ಕೊಟ್ಟ ಮದ್ದು

ಒಂದು ಫಂಕ್ಷನ್ನಿನ ಹೆಸರು ಬದಲಿಸಬೇಕಿತ್ತು. ಅಷ್ಟೇ ಕೆಲಸ. ಕಾಮನ್ ಲಿಸ್ಪ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ನಾನೇ ಬರೆದುಕೊಂಡು ಬಂದ ಹಳೇ ಕೋಡು, ಹತ್ತಾರು ಫೈಲುಗಳಲ್ಲಿ ಹರಡಿಕೊಂಡಿತ್ತು. ಎಡಿಟರಿನಲ್ಲಿ ಹುಡುಕಿ ಬದಲಿಸಿದರೆ ಸ್ಟ್ರಿಂಗಿನ ಒಳಗೂ ಕೈ ಹಾಕುತ್ತದೆ, ಬೇರೆ ಹೆಸರಿನ ಬಾಲಕ್ಕೂ ಕೈ ಹಾಕುತ್ತದೆ. ಇದು ಲಿಸ್ಪ್ ಅಲ್ವಾ, ಕೋಡೇ ಡೇಟಾ. ರೀಡ್ ಮಾಡು, ಲಿಸ್ಟ್ ಒಳಗೆ ಸಿಂಬಲ್ (ಕೋಡಿನಲ್ಲಿರುವ ಹೆಸರು) ಬದಲಿಸು, ವಾಪಸ್ ಪ್ರಿಂಟ್ ಮಾಡು. ಇಪ್ಪತ್ತು ಸಾಲಿನ ಪ್ರೋಗ್ರಾಂ ಅರ್ಧ ಗಂಟೆಯಲ್ಲಿ ರೆಡಿಯಾಯಿತು.

ಓಡಿಸಿದೆ. ಹೆಸರು ಸರಿಯಾಗಿಯೇ ಬದಲಾಗಿತ್ತು. ಜೊತೆಗೆ ಕಾಮೆಂಟುಗಳೆಲ್ಲ ಮಾಯ. ಇಂಗ್ಲಿಷ್ ಹೆಸರುಗಳೆಲ್ಲ ದೊಡ್ಡಕ್ಷರಕ್ಕೆ ತಿರುಗಿದ್ದವು. ಬೇರೆ ಲಿಸ್ಪ್‌ಗಾಗಿ `#-` (ಇಂಥದ್ದು ಇಲ್ಲದಿದ್ದರೆ ಮಾತ್ರ ಓದು ಅನ್ನುವ ಗುರುತು) ಹಾಕಿ ಇಟ್ಟಿದ್ದ ಕೋಡಂತೂ ಇತ್ತೋ ಇಲ್ಲವೋ ಅನ್ನುವ ಹಾಗೆ ಹೋಗಿತ್ತು. ಪುಣ್ಯಕ್ಕೆ ಹಳೇ ಆವೃತ್ತಿಗಳನ್ನು ಕಾಪಾಡುವ ಗಿಟ್ ಇತ್ತು.

ತಪ್ಪು ಲಿಸ್ಪ್‌ನ ಓದುವ ಫಂಕ್ಷನ್ ಆದ ರೀಡ್‌ನದಲ್ಲ. ಅದರ ಕೆಲಸ ಅಕ್ಷರಗಳನ್ನು ತಿಂದು ವಸ್ತು ಕೊಡುವುದು. ಯಾವ ಅಕ್ಷರದಿಂದ ಯಾವ ವಸ್ತು ಬಂತು, ನಡುವೆ ಏನನ್ನು ಬಿಟ್ಟೆ, ಇದನ್ನೆಲ್ಲ ಹೇಳು ಅಂತ ಅದಕ್ಕೆ ಯಾರೂ ಕೇಳಿಲ್ಲ. ಭಾಷೆಯ ನಿಯಮ ಹೇಳುವ 1994ರ ಆನ್ಸಿ ಸ್ಟ್ಯಾಂಡರ್ಡ್ ಕೂಡ ಕೇಳುವುದಿಲ್ಲ. ಹಾಗಾಗಿ ಕೇಳಿದರೆ ಹೇಳುವ ಒಂದು ರೀಡರ್ ನಾನೇ ಕಟ್ಟಿಕೊಂಡೆ. ಎರಡು ವಾರದ ಸಂಜೆಗಳು ಹೋದವು. ಅದರ ದಿನಚರಿ ಇದು. ಉದಾಹರಣೆಗಳಲ್ಲಿ ಹೆಸರುಗಳನ್ನು ಕನ್ನಡದಲ್ಲೇ ಬರೆದಿದ್ದೇನೆ. ಯುನಿಕೋಡ್ ಇರುವ ಲಿಸ್ಪ್‌ಗಳಿಗೆ ಇದರಲ್ಲಿ ತಕರಾರಿಲ್ಲ. ನನ್ನ ಟೆಸ್ಟ್ ಫೈಲುಗಳಲ್ಲೂ ಹಾಗೇ ಇದೆ, ಅರ್ಧ ಬಗ್‌ಗಳು ಸಿಕ್ಕಿದ್ದೇ ಅದರಿಂದ.

ಮೊದಲ ಪ್ರಯತ್ನ: ಇರುವ ರೀಡರ್‌ಗೇ ತೇಪೆ

ಸೋಮಾರಿತನ ಒಳ್ಳೆಯದು ಅಂತ ಇರುವ ರೀಡ್‌ಗೇ ತೇಪೆ ಹಾಕಲು ಹೊರಟೆ. ಯಾವ ಅಕ್ಷರ ಕಂಡರೆ ಯಾವ ಫಂಕ್ಷನ್ (ಇದಕ್ಕೆ ರೀಡರ್ ಮ್ಯಾಕ್ರೋ ಅನ್ನುತ್ತಾರೆ) ಕರೆಯಬೇಕು ಅನ್ನುವ ಪಟ್ಟಿಯೇ ರೀಡ್‌ಟೇಬಲ್. ಅದನ್ನು ಕಾಪಿ ಮಾಡಿ, `(` ಅಕ್ಷರದ ರೀಡರ್ ಮ್ಯಾಕ್ರೋ ಜಾಗದಲ್ಲಿ ನನ್ನ ಫಂಕ್ಷನ್ ಕೂರಿಸಿದೆ. ಅದು ಮೊದಲು ಸ್ಟ್ರೀಮಿನ ಸ್ಥಾನದಲ್ಲಿ ಒಂದು ಕಳೆದು (`(` ಆಗಲೇ ಓದಿಯಾಗಿರುತ್ತದೆ) ಬರೆದುಕೊಳ್ಳುತ್ತದೆ, ಹಳೇ ಫಂಕ್ಷನ್ನನ್ನು ಕರೆಯುತ್ತದೆ, ಮತ್ತೆ ಸ್ಥಾನ ನೋಡುತ್ತದೆ. ಬಂದ ಲಿಸ್ಟನ್ನೂ ಅದರ ಎರಡು ಸ್ಥಾನಗಳನ್ನೂ ಒಂದು ಹ್ಯಾಶ್ ಟೇಬಲ್ಲಿಗೆ (ವಸ್ತುವಿಗೊಂದು ಖಾನೆ ಇರುವ ಪಟ್ಟಿ) ಹಾಕುತ್ತದೆ. ನೋಡಲು ಚೆಂದವಾಗಿತ್ತು.

```
(ಸೇರಿಸು ಬೆಲೆ ಬೆಲೆ)
```

ಇದನ್ನು ಓದಿಸಿದೆ. ಲಿಸ್ಪ್ ಲೆಕ್ಕದಲ್ಲಿ ವ್ಯಂಜನ ಒಂದು ಅಕ್ಷರ, ಅದರ ಸ್ವರಚಿಹ್ನೆ ಇನ್ನೊಂದು; ಇಂಥ ಒಂದೊಂದಕ್ಕೂ ಕೋಡ್ ಪಾಯಿಂಟ್ ಅನ್ನುತ್ತಾರೆ. ಆವರಣ, ಖಾಲಿ ಜಾಗ ಎಲ್ಲ ಸೇರಿ 18 ಅಕ್ಷರ. ಆರಂಭ 0, ಕೊನೆ 18 ಅನ್ನಬೇಕು. ಅದು ಅಂದಿದ್ದು 46.

ಒಂದು ಕ್ಷಣ ತಲೆ ಕೆಟ್ಟಿತು, ಆಮೇಲೆ ಎಣಿಸಿದೆ. ಕನ್ನಡದ ಒಂದೊಂದು ಕೋಡ್ ಪಾಯಿಂಟೂ ಫೈಲಿನಲ್ಲಿ ಉಳಿಸುವ ಯುಟಿಎಫ್-8 ರೂಪದಲ್ಲಿ ಮೂರು ಬೈಟ್. ಈ ಸಾಲಿನಲ್ಲಿ ಅಂಥವು 14, ಅಂದರೆ 42 ಬೈಟ್. ಎರಡು ಆವರಣ, ಎರಡು ಖಾಲಿ ಜಾಗ, ಒಟ್ಟು 46. ಫೈಲಿನ ಸ್ಟ್ರೀಮ್ ಮೇಲೆ ಫೈಲ್-ಪೊಸಿಷನ್ ಕೇಳಿದರೆ, ನಾನು ಬಳಸುವ ಲಿಸ್ಪ್ ಆದ ಎಸ್‌ಬಿಸಿಎಲ್ ಬೈಟ್ ಲೆಕ್ಕ ಕೊಡುತ್ತದೆ. ಸ್ಟ್ಯಾಂಡರ್ಡ್ ಅದನ್ನು ತಪ್ಪು ಅನ್ನುವುದಿಲ್ಲ. ಓದುತ್ತಾ ಹೋದಂತೆ ಸಂಖ್ಯೆ ಹಿಂದೆ ಹೋಗಬಾರದು, ಅಷ್ಟೇ ಅದರ ಷರತ್ತು. ಕೋಡು ಪೂರ್ತಿ ಇಂಗ್ಲಿಷಿನಲ್ಲಿದ್ದಿದ್ದರೆ ಬೈಟೂ ಅಕ್ಷರವೂ ಒಂದೇ ಆಗಿ, ಈ ಬಗ್ ವರ್ಷಗಟ್ಟಲೆ ಸುಮ್ನೆ ಮಲಗಿರುತ್ತಿತ್ತು.

ಇದಕ್ಕೆ ಮದ್ದು ಸುಲಭ. ಇಡೀ ಫೈಲನ್ನು ಒಂದು ಸ್ಟ್ರಿಂಗಿಗೆ ಓದಿಕೊಂಡು, ಅದರ ಇಂಡೆಕ್ಸನ್ನೇ ಸ್ಥಾನ ಅಂದುಕೊಳ್ಳುವುದು. ಓದುವಾಗ ಸಾಲಿನ ಕೊನೆಯ ಗುರುತುಗಳನ್ನೂ ಬದಲಿಸಬಾರದು. ಎರಡು ಅಕ್ಷರದ ವಿಂಡೋಸ್ ಸಾಲುಕೊನೆ ಒಂದಾಗಿಬಿಟ್ಟರೆ ಸಾಲಿಗೊಂದರಂತೆ ಲೆಕ್ಕ ಜಾರುತ್ತದೆ.

ಎರಡನೇ ತೊಂದರೆಗೆ ಮಾತ್ರ ತೇಪೆ ಸಾಲಲಿಲ್ಲ. ಮೇಲಿನ ಸಾಲಿನಲ್ಲಿ `ಬೆಲೆ` ಎರಡು ಸಲ ಇದೆ, ಒಂದು 8ರಲ್ಲಿ, ಇನ್ನೊಂದು 13ರಲ್ಲಿ. ಓದಿದ ಮೇಲೆ ಎರಡೂ ಒಂದೇ ಸಿಂಬಲ್. ಒಂದೇ ರೀತಿಯದ್ದು ಅಂತಲ್ಲ, ಮೆಮೊರಿಯಲ್ಲಿ ಇರುವುದೇ ಒಂದು. ಹ್ಯಾಶ್ ಟೇಬಲ್ಲಿನಲ್ಲಿ ಅದಕ್ಕೆ ಇರುವುದು ಒಂದೇ ಖಾನೆ, ಎರಡನೇ ಸ್ಥಾನ ಬಂದು ಮೊದಲನೆಯದನ್ನು ಅಳಿಸುತ್ತದೆ. ಸಣ್ಣ ಸಂಖ್ಯೆಗಳದ್ದೂ ಇದೇ ಕಥೆ. ಲಿಸ್ಟ್ ಆದರೂ ಸರಿ ಅನ್ನೋಣ ಅಂದರೆ, `()` ಓದಿದರೆ ಬರುವುದು ನಿಲ್ ಅನ್ನುವ ಒಂದು ವಿಶೇಷ ವಸ್ತು. ಪ್ರೋಗ್ರಾಮಿನಲ್ಲಿರುವ ಎಲ್ಲ ಖಾಲಿ ಲಿಸ್ಟೂ ಅದೇ ಒಂದು ನಿಲ್.

ನನ್ನ ಕೆಲಸವೇ ಸಿಂಬಲ್ ಹೆಸರು ಬದಲಿಸುವುದು. ಸಿಂಬಲ್ಲಿಗೇ ಸ್ಥಾನ ಇಲ್ಲ ಅಂದರೆ ಏನು ಮಾಡುವುದು? ಇಲ್ಲಿಗೆ ಬಂದಾಗ ತಲೆಗೆ ಹೊಳೆದದ್ದು ಇಷ್ಟು: ಸ್ಥಾನ ಅನ್ನುವುದು ವಸ್ತುವಿನ ಗುಣ ಅಲ್ಲ, ಒಂದು ಸಲದ ಓದಿನದ್ದು. ವಸ್ತುವಿಗೆ ಅಂಟಿಸಲು ಹೋದಷ್ಟೂ ಅದು ಕಳಚುತ್ತದೆ. ಲಿಸ್ಪ್ ಕುಟುಂಬದ್ದೇ ಆದ ರ್ಯಾಕೆಟ್ ಭಾಷೆಯಲ್ಲಿ ಇದಕ್ಕಾಗಿಯೇ ಸಿಂಟ್ಯಾಕ್ಸ್ ಆಬ್ಜೆಕ್ಟ್ ಇದೆ, ಸಿಂಬಲ್ಲನ್ನು ಹಾಗೇ ಕೊಡದೆ ಸಾಲು, ಕಾಲಮ್, ಸ್ಥಾನ, ಉದ್ದ ಎಲ್ಲ ಸುತ್ತಿ ಕೊಡುತ್ತದೆ. ಈಮ್ಯಾಕ್ಸ್ ಎಡಿಟರಿನ ಲಿಸ್ಪ್ ಕಂಪೈಲರ್ ಕೂಡ ತಪ್ಪು ಸಾಲು ತೋರಿಸಿ ತೋರಿಸಿ ಸಾಕಾಗಿ, ಆವೃತ್ತಿ 29ರಲ್ಲಿ ಸ್ಥಾನ ಹೊತ್ತ ಸಿಂಬಲ್ ಅನ್ನುವ ಹೊಸ ಬಗೆಯನ್ನೇ ತಂದುಕೊಂಡಿತು.

ಕಾಮನ್ ಲಿಸ್ಪ್‌ನಲ್ಲಿ ಎಕ್ಲೆಕ್ಟರ್ ಅನ್ನುವ ರೀಡರ್ ಲೈಬ್ರರಿ ಇದೆ. ಅದರ ವಿನ್ಯಾಸ ನೋಡಿ ಖುಷಿಯಾಯಿತು. ನಾವು ತುಂಬಿಕೊಳ್ಳಲು ಅದರಲ್ಲಿ ಎರಡು ಕೊಕ್ಕೆ ಇವೆ. ಓದಿ ಏನಾದರೂ ಸಿಕ್ಕಾಗ ಒಂದು, ಓದಿ ಬಿಟ್ಟುಬಿಟ್ಟಾಗ ಇನ್ನೊಂದು. ಬಿಟ್ಟಿದ್ದು ಯಾಕೆ ಅನ್ನುವ ಕಾರಣವನ್ನೂ ಕೊಡುತ್ತದೆ, ಸಾಲು ಕಾಮೆಂಟಾದರೆ ಎಷ್ಟು ಸೆಮಿಕೋಲನ್ ಇತ್ತು ಅನ್ನುವುದೂ ಸೇರಿ. ನಿಜದ ಕೆಲಸಕ್ಕೆ ಬೇಕಿದ್ದರೆ ಅದನ್ನೇ ತೆಗೆದುಕೊಳ್ಳಿ. ನನಗೆ ಒಳಗಿನದ್ದು ಕೈಯಾರೆ ತಿಳಿಯಬೇಕಿತ್ತು. ಆ ಎರಡು ಕೊಕ್ಕೆಯ ಉಪಾಯವನ್ನು ಮಾತ್ರ ಕದ್ದೆ.

ಎರಡನೇ ಪ್ರಯತ್ನ: ನೋಡ್‌ಗಳು

ನನ್ನ ರೀಡರ್ ವಸ್ತು ಕೊಡುವುದೇ ಇಲ್ಲ, ನೋಡ್ ಕೊಡುತ್ತದೆ. ಒಂದು ನೋಡಿನಲ್ಲಿ ನಾಲ್ಕೇ ಖಾನೆ: ಬಗೆ, ಆರಂಭ, ಕೊನೆ, ಮಕ್ಕಳು. ಕೊನೆ ಅಂದರೆ ಕೊನೆಯ ಅಕ್ಷರ ಅಲ್ಲ, ಅದರ ಮುಂದಿನ ಸ್ಥಾನ. ಹೀಗಿಟ್ಟರೆ ಉದ್ದ ಬೇಕಾದಾಗ ಕಳೆದರೆ ಸಾಕು, ಒಂದು ಕೂಡು ಒಂದು ಕಳೆ ಅನ್ನುವ ಗೋಳಿಲ್ಲ. ಸಾಲು, ಕಾಲಮ್ ಎರಡನ್ನೂ ಇಟ್ಟುಕೊಳ್ಳಲಿಲ್ಲ. ಸಾಲುಗಳು ಎಲ್ಲೆಲ್ಲಿ ಶುರುವಾಗುತ್ತವೆ ಅನ್ನುವ ಪಟ್ಟಿ ಒಂದಿದ್ದರೆ, ಬೇಕಾದಾಗ ಬೈನರಿ ಸರ್ಚ್ ಮಾಡಿ ಹೇಳಬಹುದು. ಅಕ್ಷರ ಓದುತ್ತಾ ಓದುತ್ತಾ ಕಾಲಮ್ ಎಣಿಸುವವರು, ಹೊಸ ಸಾಲಿನ ಅಕ್ಷರವನ್ನು ವಾಪಸ್ ತಳ್ಳಿದಾಗ ಹಿಂದಿನ ಕಾಲಮ್ ಎಷ್ಟಿತ್ತು ಅಂತ ಪರದಾಡುತ್ತಾರೆ. ಆ ಪಾಡು ಬೇಡ.

ನಡುಮನೆ ಇದು (ಡಿಫನ್ ಅಂದರೆ ಫಂಕ್ಷನ್ ಬರೆಯುವ ಪದ):

```
(ಡಿಫನ್ ಒಂದನ್ನು-ಓದು (ಓ)
  (ಖಾಲಿ-ಜಾಗ-ದಾಟು ಓ)
  (ಲೆಟ್ ((ಆರಂಭ (ಸ್ಥಾನ ಓ)))
    (ಮಲ್ಟಿಪಲ್-ವ್ಯಾಲ್ಯೂ-ಬೈಂಡ್ (ಬಗೆ ಮಕ್ಕಳು) (ಮುಂದಿನದು ಓ)
      (ನೋಡ್-ಮಾಡು ಬಗೆ ಆರಂಭ (ಸ್ಥಾನ ಓ) ಮಕ್ಕಳು))))
```

ಎರಡನೇ ಸಾಲೂ ಮೂರನೇ ಸಾಲೂ ಅದಲುಬದಲಾದರೆ ಪ್ರತಿ ನೋಡಿನ ಹೊಟ್ಟೆಯಲ್ಲೂ ಅದರ ಮುಂದಿದ್ದ ಖಾಲಿ ಜಾಗ ಸೇರಿಕೊಳ್ಳುತ್ತದೆ. ನನ್ನ ಮೊದಲ ಆವೃತ್ತಿಯಲ್ಲಿ ಹಾಗೇ ಇತ್ತು. `ಬೆಲೆ` ಅನ್ನು `ದರ` ಅಂತ ಬದಲಿಸಿದಾಗ ಹಿಂದಿನ ಪದಕ್ಕೆ ಅಂಟಿಕೊಂಡು `(ಸೇರಿಸುದರದರ)` ಅಂತ ಬಂತು. ಆ ಕಡೆಯ ತುದಿಯಲ್ಲೂ ಇಂಥದ್ದೇ ಒಂದಿದೆ. ಸಾದಾ ರೀಡ್, ಸಿಂಬಲ್ ಮುಗಿದ ಮೇಲಿನ ಒಂದು ಖಾಲಿ ಅಕ್ಷರವನ್ನೂ ತಿಂದು ಏಳುತ್ತದೆ. ಸಾಲಿನಲ್ಲಿ ಒಂಟಿಯಾಗಿ `ಬೆಲೆ` ಇದ್ದರೆ ಕೊನೆ 4 ಆಗಬೇಕು, 5 ಆಗುತ್ತದೆ. ತಿನ್ನಬಾರದು ಅನ್ನುವವರಿಗೆ ರೀಡ್-ಪ್ರಿಸರ್ವಿಂಗ್-ವೈಟ್‌ಸ್ಪೇಸ್ ಅಂತ ಉದ್ದ ಹೆಸರಿನ ತಮ್ಮ ಒಬ್ಬ ಇದ್ದಾನೆ. ನನ್ನ ರೀಡರ್ ಅವನ ಹಾದಿ ಹಿಡಿಯಿತು.

ಇನ್ನು ಬಿಟ್ಟದ್ದರ ವಿಚಾರ. ಕಾಮನ್ ಲಿಸ್ಪ್‌ನಲ್ಲಿ ಕಾಮೆಂಟ್ ಅನ್ನುವುದು ವಿಶೇಷವೇನಲ್ಲ. `;` ಕೂಡ ಒಂದು ರೀಡರ್ ಮ್ಯಾಕ್ರೋ. ಸಾಲಿನ ಕೊನೆಯವರೆಗೆ ತಿಂದು, ಸೊನ್ನೆ ಬೆಲೆಗಳನ್ನು ಹಿಂತಿರುಗಿಸುತ್ತದೆ. ನಿಲ್ ಅಲ್ಲ, ಏನೂ ಇಲ್ಲ. ರೀಡರ್ ಅದನ್ನು ನೋಡಿ, ಓ ಏನೂ ಸಿಗಲಿಲ್ಲ, ಮುಂದಕ್ಕೆ ಹೋಗೋಣ ಅಂದುಕೊಳ್ಳುತ್ತದೆ. `#|` ಜೊತೆಗಿನ ಬ್ಲಾಕ್ ಕಾಮೆಂಟೂ ಹಾಗೇ, ಷರತ್ತು ಸುಳ್ಳಾದ `#+` (ಮುಂದೆ ಹೆಸರಿಸಿದ ಫೀಚರ್ ಇದ್ದರೆ ಮಾತ್ರ ಓದು ಅನ್ನುವ ಗುರುತು) ಕೂಡ ಹಾಗೇ. ಕಾಮೆಂಟ್ ಕಳೆದುಹೋಗುವ ಜಾಗ ಸರಿಯಾಗಿ ಇದೊಂದೇ. ಅಲ್ಲಿಗೇ ಬಲೆ ಕಟ್ಟಿದೆ: ಸೊನ್ನೆ ಬೆಲೆ ಬಂದರೆ, ಎಲ್ಲಿಂದ ಎಲ್ಲಿಗೆ ತಿಂದೆ, ಯಾಕೆ ತಿಂದೆ ಅಂತ ಒಂದು ನೋಡ್ ಮಾಡಿ ಇಡು. ಬಗೆ ಮಾತ್ರ ಬೇರೆ, ಉಳಿದಂತೆ ಸಿಂಬಲ್ ನೋಡಿಗಿರುವ ಮರ್ಯಾದೆಯೇ ಅದಕ್ಕೂ.

ಯಾವಾಗಲೂ ಪಾಸಾಗುವ ಟೆಸ್ಟ್

ಸರಿಯಾಗಿದೆಯೋ ಇಲ್ಲವೋ ನೋಡುವುದು ಹೇಗೆ? ಎಲ್ಲ ನೋಡ್‌ಗಳನ್ನೂ ಅವುಗಳ ನಡುವಿನ ಪಠ್ಯವನ್ನೂ ಸಾಲಾಗಿ ಜೋಡಿಸಿದರೆ ಮೂಲ ಫೈಲೇ ಅಕ್ಷರಶಃ ಬರಬೇಕು. ಟೆಸ್ಟ್ ಬರೆದೆ. ಎಲ್ಲ ಫೈಲೂ ಪಾಸ್. ಒಳ್ಳೇ ಖುಷಿಯಲ್ಲಿ ಮಲಗಿದೆ.

ಮರುದಿನ ನೋಡಿದರೆ ಅದು ಪೆದ್ದು ಟೆಸ್ಟ್. ನೋಡ್ ಸಿಗದ ಜಾಗವನ್ನೆಲ್ಲ ನಡುವಿನ ಪಠ್ಯ ಅಂತ ಮೂಲದಿಂದಲೇ ಕತ್ತರಿಸಿ ತಂದರೆ, ಒಂದೂ ನೋಡ್ ಇಲ್ಲದಿದ್ದರೂ ಮೂಲ ಫೈಲೇ ಬರುತ್ತದೆ! ತಿದ್ದಿ ಬಿಗಿಮಾಡಿದೆ. ನಡುವಿನ ಪಠ್ಯದಲ್ಲಿ ಖಾಲಿ ಜಾಗ ಇರಬಹುದು. ಆಯಾ ನೋಡಿನ ಬಗೆಗೆ ತಕ್ಕ ಗುರುತುಗಳು ಇರಬಹುದು, ಅಂದರೆ ಲಿಸ್ಟಾದರೆ ಆವರಣ, ಬೇಕಿದ್ದರೆ ಒಂದು ಒಂಟಿ ಚುಕ್ಕಿ. ಕೋಟ್ ಆದರೆ `'`. ಬೇರೆ ಒಂದು ಅಕ್ಷರ ಇದ್ದರೂ ಫೇಲ್.

ಈಗ ಎದ್ದು ಕುಳಿತವು ನೋಡಿ ಬಗ್‌ಗಳು.

ಮೊದಲನೆಯದು:

```
(ಡಿಫನ್ ಚದರ (ಸಂ)
  (* ಸಂ ಸಂ) ; ಋಣ ಸಂಖ್ಯೆಗೂ ಸರಿ
  )
```

ಕಾಮೆಂಟ್ ಸಿಕ್ಕಾಗ ಅದನ್ನು ಜೇಬಿಗೆ ಹಾಕಿಕೊಂಡು, ಮುಂದೆ ಬರುವ ನೋಡಿಗೆ ಅಂಟಿಸುವುದು ನನ್ನ ಪದ್ಧತಿಯಾಗಿತ್ತು. ಇಲ್ಲಿ ಮುಂದೆ ಬರುವುದು ನೋಡ್ ಅಲ್ಲ, ಮುಚ್ಚುವ ಆವರಣ. ಲಿಸ್ಟ್ ಮುಗಿಯಿತು, ಜೇಬು ಹಾಗೇ ಉಳಿಯಿತು, ಕಾಮೆಂಟ್ ಅನಾಥವಾಯಿತು. ಎಕ್ಲೆಕ್ಟರ್‌ನಲ್ಲೂ ಮೇಲ್ಮಟ್ಟದಲ್ಲಿ ಹೀಗೆ ಉಳಿದವನ್ನು ಎರಡನೇ ಬೆಲೆಯಾಗಿ ಬೇರೆಯೇ ಕೊಡುತ್ತಾರೆ, ಅನಾಥ ಅನ್ನುವ ಅರ್ಥದ ಹೆಸರಿಟ್ಟೇ. ಯಾಕೆ ಅಂತ ಆಗ ಅರ್ಥವಾಯಿತು. ನಾನು ಜೇಬನ್ನೇ ಕಿತ್ತುಹಾಕಿದೆ. ಕಾಮೆಂಟ್ ಯಾರಿಗೂ ಅಂಟುವುದಿಲ್ಲ, ತಾನು ಯಾವ ಲಿಸ್ಟಿನೊಳಗಿದೆಯೋ ಅದರ ನೇರ ಮಗು. ಮೇಲ್ಮಟ್ಟದಲ್ಲಿದ್ದರೆ ಫೈಲೇ ಅಪ್ಪ. ಯಾರಿಗೆ ಸೇರಿದ ಕಾಮೆಂಟು ಅನ್ನುವ ತೀರ್ಮಾನ ಆಮೇಲಿನದ್ದು, ಓದುವಾಗ ಬೇಡ.

ಎರಡನೆಯದು ಫೈಲಿನ ಕೊನೆ. ಕೊನೇ ಸಾಲು ಕಾಮೆಂಟಾಗಿದ್ದು ಅದರ ಮುಂದೆ ಹೊಸ ಸಾಲಿನ ಅಕ್ಷರ ಇಲ್ಲದಿದ್ದರೆ, ಫೈಲ್ ಮುಗಿಯಿತು ಅಂತ ಲೂಪಿನಿಂದ ಹಾರಿಬಿಡುತ್ತಿದ್ದೆ, ನೋಡ್ ಮಾಡುವ ಮೊದಲೇ. ಇದನ್ನು ತಿದ್ದುವಾಗ ಇನ್ನೊಂದು ಪ್ರಶ್ನೆ ಬಂತು: ಕಾಮೆಂಟಿನ ಕೊನೆಯ ಹೊಸ ಸಾಲು ಯಾರ ಸ್ವತ್ತು? ಸ್ಟ್ಯಾಂಡರ್ಡ್ ಪ್ರಕಾರ `;` ಮ್ಯಾಕ್ರೋ ಅದನ್ನೂ ಸೇರಿಸಿ ತಿನ್ನುತ್ತದೆ. ನಾನು ಹೊರಗೆ ಬಿಟ್ಟೆ. ಒಳಗಿದ್ದರೆ, ಸಾಲಿನ ಬಾಲದ ಕಾಮೆಂಟೊಂದನ್ನು ಅಳಿಸಿದಾಗ ಕೆಳಗಿನ ಸಾಲು ಮೇಲಕ್ಕೆ ಬಂದು ಅಂಟಿಕೊಳ್ಳುತ್ತದೆ.

ಬ್ಲಾಕ್ ಕಾಮೆಂಟ್ ಒಳಗೆ ಬ್ಲಾಕ್ ಕಾಮೆಂಟ್ ಬರಬಹುದು, ಆಳ ಎಣಿಸಿದರೆ ಮುಗಿಯಿತು. `#\;` ಅನ್ನುವುದು ಕಾಮೆಂಟಿನ ಶುರು ಅಲ್ಲ, ಸೆಮಿಕೋಲನ್ ಅನ್ನುವ ಒಂದು ಅಕ್ಷರ. `|ಅ;ಬ|` ಒಂದೇ ಸಿಂಬಲ್. ರೆಜೆಕ್ಸ್ (ಅಕ್ಷರಗಳ ಮಾದರಿ ಕೊಟ್ಟು ಹುಡುಕುವ ಸೂತ್ರ) ಹಾಕಿ ಕಾಮೆಂಟ್ ಹಿಡಿಯುತ್ತೇನೆ ಅನ್ನುವವರು ಈ ಎರಡನ್ನು ಮೊದಲು ನೋಡಿಕೊಳ್ಳಿ.

ಇಷ್ಟಾದ ಮೇಲೆ ಯಾರಿಗೆ ಸೇರಿದ ಕಾಮೆಂಟು ಅನ್ನುವುದಕ್ಕೆ ಸೆಮಿಕೋಲನ್ ಎಣಿಕೆ ಚೆನ್ನಾಗಿ ನೆರವಾಯಿತು. ಒಂದಿದ್ದರೆ ಸಾಲಿನ ಬಲಕ್ಕೆ ಬರೆಯುವ ಟಿಪ್ಪಣಿ, ಎಡಗಡೆಯ ಕೋಡಿನದ್ದು. ಎರಡಿದ್ದರೆ ಕೋಡಿನ ಇಂಡೆಂಟಿಗೇ ಕೂರುತ್ತದೆ, ಕೆಳಗಿನದ್ದರ ಬಗ್ಗೆ. ಮೂರಿದ್ದರೆ ಎಡ ಅಂಚಿನಲ್ಲಿ, ನಾಲ್ಕಿದ್ದರೆ ಶೀರ್ಷಿಕೆ. ಸ್ಟ್ಯಾಂಡರ್ಡಿನಲ್ಲೇ ಈ ಸಂಪ್ರದಾಯದ ವಿವರಣೆ ಇದೆ. ಎಲ್ಲರೂ ಪಾಲಿಸುತ್ತಾರೆ ಅಂತಲ್ಲ, ನಾನೇ ಪಾಲಿಸಿರಲಿಲ್ಲ. ಹಾಗಾಗಿ ಅದೇ ಸಾಲಿನಲ್ಲಿ ಮುಂಚೆ ಏನಾದರೂ ಕೋಡ್ ಇದೆಯಾ ಅಂತ ಮೊದಲು ನೋಡಿ, ಆಮೇಲೆ ಸೆಮಿಕೋಲನ್ ಎಣಿಸುತ್ತೇನೆ.

ಷರತ್ತಿನ ಕೋಡು

ಅತಿ ಜಾಸ್ತಿ ಹೊತ್ತು ತಿಂದದ್ದು `#+` ಮತ್ತು `#-`. ಮೊದಲು ಇದು:

```
(ಸೇರಿಸು #+ತೆರಿಗೆ ತೆರಿಗೆ-ಮೊತ್ತ ಬೆಲೆ)
```

`ತೆರಿಗೆ-ಮೊತ್ತ` ಅನ್ನು `ಸುಂಕ` ಮಾಡು ಅಂದೆ. ಬಂದದ್ದು `(ಸೇರಿಸು ಸುಂಕ ಬೆಲೆ)`. ಷರತ್ತೇ ಹಾರಿಹೋಗಿತ್ತು! ಕಂಪೈಲ್ ಆಗುತ್ತದೆ, ಓಡುತ್ತದೆ, ತೆರಿಗೆ ಬೇಡವೆಂದವರಿಗೂ ತೆರಿಗೆ ಬೀಳುತ್ತದೆ.

ಆದದ್ದೇನೆಂದರೆ, ಷರತ್ತು ನಿಜವಾದಾಗ `#+` ಓದುವ ಫಂಕ್ಷನ್ ಹಿಂತಿರುಗಿಸುವುದು ಒಳಗಿನ ಸಿಂಬಲ್ಲನ್ನೇ. ಹಾಗಾಗಿ ಒಂದೇ ಸಿಂಬಲ್ಲಿಗೆ ಎರಡು ನೋಡ್: ಹೊರಗಿನದು `#` ಇಂದ ಶುರು, ಒಳಗಿನದು `ತೆ` ಇಂದ ಶುರು. ನನ್ನ ಪ್ರೋಗ್ರಾಂ ಮೇಲಿನಿಂದ ಇಳಿಯುತ್ತಾ ಮೊದಲು ಸಿಕ್ಕ ಹೊರಗಿನದನ್ನೇ ಪೂರ್ತಿ ಬದಲಿಸಿತು. ಬದಲಿಸುವುದಾದರೆ ಮಕ್ಕಳಿಲ್ಲದ ಎಲೆ ನೋಡುಗಳನ್ನು ಮಾತ್ರ ಅಂತ ನಿಯಮ ಮಾಡಿದೆ. ಇನ್ನೂ ಒಂದು ಸೂಕ್ಷ್ಮ ಇದೆ. `#+` ಪಕ್ಕದ `ತೆರಿಗೆ` ಕೀವರ್ಡ್ ಅನ್ನುವ ಪ್ಯಾಕೇಜಿನಲ್ಲಿ (ಹೆಸರುಗಳ ಬೇರೆಯೇ ಗುಂಪು) ಓದಿಕೊಳ್ಳುವ ಹೆಸರು. `ತೆರಿಗೆ` ಅಂತ ನನ್ನದೊಂದು ಫಂಕ್ಷನ್ ಇದ್ದು ಅದರ ಹೆಸರು ಬದಲಿಸಿದರೂ ಈ ಷರತ್ತನ್ನು ಮುಟ್ಟಬಾರದು. ಅದಕ್ಕೆ ಷರತ್ತಿನ ನೋಡಿಗೆ ಬೇರೆ ಬಗೆ ಕೊಟ್ಟೆ.

ಇನ್ನೊಂದು ಮುಖ:

```
#+ಎಸ್‌ಬಿಸಿಎಲ್
(ಡಿಫನ್ ಈಗಿನ-ಹೊತ್ತು () (ಒಳಗಿನ-ಗಡಿಯಾರ))
#-ಎಸ್‌ಬಿಸಿಎಲ್
(ಡಿಫನ್ ಈಗಿನ-ಹೊತ್ತು () (ಹಳೇ-ಗಡಿಯಾರ))
```

ನಾನು ಓಡಿಸುವುದು ಎಸ್‌ಬಿಸಿಎಲ್‌ನಲ್ಲಿ. ಎರಡನೇ ಡಿಫನ್ ಬಿಟ್ಟ ಪಠ್ಯ, ಕಾಮೆಂಟಿನ ಹಾಗೇ ಒಂದು ಉದ್ದನೆಯ ನೋಡ್. `ಈಗಿನ-ಹೊತ್ತು` ಹೆಸರು ಬದಲಿಸಿದೆ. ಮೊದಲನೆಯದು ಬದಲಾಯಿತು, ಎರಡನೆಯದು ಹಳೇ ಹೆಸರಿನಲ್ಲೇ ಉಳಿಯಿತು. ನನ್ನಲ್ಲಿ ಎಲ್ಲ ಸರಿ. ಬೇರೆ ಲಿಸ್ಪ್‌ನಲ್ಲಿ ತೆರೆದವರಿಗೆ ಅಂಥ ಫಂಕ್ಷನ್ನೇ ಇಲ್ಲ.

ಬಿಟ್ಟದ್ದು ಅಂದರೆ ಬೇಡದ್ದು ಅಂತ ನಾನು ಅಂದುಕೊಂಡಿದ್ದೆ. ಕಾಮೆಂಟ್ ಯಾರಿಗೂ ಕೋಡ್ ಅಲ್ಲ. ಇದು ಹಾಗಲ್ಲ, ನನಗೆ ಬೇಡ, ಪಕ್ಕದವನಿಗೆ ಬೇಕು. ಆದ್ದರಿಂದ ಷರತ್ತು ಸುಳ್ಳಾದಾಗಲೂ ಒಳಗಿನದನ್ನು ಅದೇ ರೀಡರ್‌ನಿಂದ ಓದಿಸಿ, ಮಕ್ಕಳನ್ನೂ ಇಟ್ಟು, ಬಿಟ್ಟದ್ದು ಅನ್ನುವ ಗುರುತು ಮಾತ್ರ ಹಾಕಿದೆ. ನನ್ನ ರೀಡರ್ ಸಿಂಬಲ್ ಹುಟ್ಟಿಸುವುದಿಲ್ಲ, ಬರೀ ಹೆಸರಿನ ಪಠ್ಯ ಇಟ್ಟುಕೊಳ್ಳುತ್ತದೆ. ಹಾಗಾಗಿ ನನ್ನಲ್ಲಿ ಇಲ್ಲದ ಪ್ಯಾಕೇಜಿನ ಹೆಸರು ಬಂದರೂ ಗಲಾಟೆ ಇಲ್ಲ. ಓದುವಾಗಲೇ ಕೋಡ್ ಓಡಿಸು ಅನ್ನುವ `#.` ಬಂದರೂ ಏನನ್ನೂ ಓಡಿಸುವುದಿಲ್ಲ. `#1=` ಹಾಕಿ ತನ್ನನ್ನೇ ತಾನು ತೋರಿಸುವ ಲಿಸ್ಟ್ ಬರೆದಿದ್ದರೂ ನೋಡ್‌ಗಳ ಮರ ಎಲ್ಲೂ ಸುತ್ತಿಕೊಳ್ಳುವುದಿಲ್ಲ, ಯಾಕೆಂದರೆ ಅದು ಬರೆದದ್ದರ ಮರ, ಬರೆದದ್ದರ ಅರ್ಥದ್ದಲ್ಲ.

ಆದರೆ `#+(ಆರ್)` ಬರೆದು ಕೋಡನ್ನು ಕಾಮೆಂಟ್ ಮಾಡುವ ಚಾಳಿಯೂ ಇದೆ. ಆರ್ ಅಂದರೆ ಅಥವಾ; ಖಾಲಿ ಆರ್ ಯಾವತ್ತೂ ಸುಳ್ಳು. ಕೆಲವರು `#+ನಿಲ್` ಬರೆಯುತ್ತಾರೆ. ಅದು ಸುಳ್ಳಲ್ಲ, ನಿಲ್ ಅನ್ನುವ ಫೀಚರ್ ಇದೆಯಾ ಅಂತ ಕೇಳುವುದು. ಹಿಂದೆ ಆ ಹೆಸರಿನ ಲಿಸ್ಪೇ ಒಂದಿತ್ತು! ಇಂಥ ಸತ್ತ ಕೋಡಿನಲ್ಲೂ ಹೆಸರು ಬದಲಿಸಬೇಕೋ ಬೇಡವೋ ಪ್ರೋಗ್ರಾಮಿಗೆ ಗೊತ್ತಾಗುವುದಿಲ್ಲ, ನನಗೂ ಒಮ್ಮೊಮ್ಮೆ ಗೊತ್ತಾಗುವುದಿಲ್ಲ. ಹಾಗಾಗಿ ಬಿಟ್ಟ ಜಾಗದಲ್ಲಿ ಸಿಕ್ಕವನ್ನು ಬೇರೆ ಪಟ್ಟಿಯಾಗಿ ತೋರಿಸಿ ಕೇಳುತ್ತದೆ. ಕಾಮೆಂಟಿನೊಳಗೆ ಹಳೇ ಹೆಸರು ಕಂಡರೂ ಅದೇ ಪಟ್ಟಿಗೆ.

ಹೆಸರಿನ ಉದ್ದ

ಬದಲಾವಣೆ ಮಾಡುವ ಭಾಗ ಚಿಕ್ಕದು. ಎಲ್ಲ ಜಾಗಗಳನ್ನೂ ಆರಂಭದ ಪ್ರಕಾರ ಜೋಡಿಸಿ, ಫೈಲಿನ ಕೊನೆಯಿಂದ ಮೊದಲಿನ ಕಡೆಗೆ ತಿದ್ದುತ್ತಾ ಬರುವುದು. ಮುಂದಿನಿಂದ ಹೋದರೆ ಹೊಸ ಹೆಸರಿನ ಉದ್ದ ಬೇರೆಯಾದಂತೆ ಉಳಿದೆಲ್ಲ ಸ್ಥಾನಗಳು ಜಾರುತ್ತವೆ.

ಇಲ್ಲಿ ಬಂದ ಬಗ್ ಮಾತ್ರ ನನಗೆ ಬಹಳ ಇಷ್ಟವಾದದ್ದು. `ಕೊಡು` ಅನ್ನುವ ಫಂಕ್ಷನ್. ಒಂದು ಫೈಲಿನಲ್ಲಿ ಎಲ್ಲ ಕಡೆ ಬದಲಾಯಿತು, ಇನ್ನೊಂದರಲ್ಲಿ ಒಂದೂ ಇಲ್ಲ. ಕಣ್ಣಿಗೆ ಎರಡೂ ಒಂದೇ. ಕೋಡ್ ಪಾಯಿಂಟ್ ಬಿಡಿಸಿ ನೋಡಿದೆ. ಮೊದಲನೆಯದರಲ್ಲಿ `ಕ`, `ೊ`, `ಡ`, `ು`, ನಾಲ್ಕು. ಎರಡನೆಯದರಲ್ಲಿ ಒತ್ವ ಇರಲೇ ಇಲ್ಲ. ಅದರ ಬದಲು ಎತ್ವವೂ ದೀರ್ಘ ಉತ್ವವೂ ಅಕ್ಕಪಕ್ಕ ಕೂತು ಒತ್ವದ ವೇಷ ಹಾಕಿದ್ದವು, ಒಟ್ಟು ಐದು. ಯಾವುದೋ ಹಳೇ ಟೈಪಿಂಗ್ ಸಾಧನದ ಕೈಚಳಕ ಇರಬೇಕು. ಯುನಿಕೋಡ್ ಪ್ರಕಾರ ಎರಡೂ ಸಮಾನ.

ಇಷ್ಟು ದಿನ ಕೋಡ್ ಹೇಗೆ ಓಡುತ್ತಿತ್ತು? ಎಸ್‌ಬಿಸಿಎಲ್‌ನ ರೀಡರ್ ಸಿಂಬಲ್ ಹೆಸರುಗಳನ್ನು ಎನ್‌ಎಫ್‌ಕೆಸಿ ಅನ್ನುವ ಯುನಿಕೋಡಿನ ಏಕರೂಪಕ್ಕೆ ತಂದುಕೊಳ್ಳುತ್ತದೆ, ಅಂದರೆ ಐದನ್ನು ಸೇರಿಸಿ ನಾಲ್ಕು ಮಾಡುತ್ತದೆ. ಅದಕ್ಕೆ ಎರಡೂ ಒಂದೇ ಸಿಂಬಲ್. ನನ್ನ ರೀಡರ್‌ಗೆ ಬೇರೆ ಬೇರೆ. ಹೋಲಿಸುವಾಗ ಎರಡು ಕಡೆಯನ್ನೂ ಎನ್‌ಎಫ್‌ಕೆಸಿ ಮಾಡಿದೆ, ಸಿಕ್ಕಿತು. ಬದಲಿಸುವಾಗ ನೋಡಿನ ಆರಂಭ, ಕೊನೆಯನ್ನೇ ನಂಬಿದೆ. ಆರಂಭಕ್ಕೆ ಸಿಂಬಲ್ ಹೆಸರಿನ ಉದ್ದ ಕೂಡಿಸಿ ಕೊನೆ ಕಂಡುಹಿಡಿಯುವ ಅಡ್ಡದಾರಿ ಹಿಡಿದಿದ್ದರೆ ಇಲ್ಲಿ ಒಂದು ಉತ್ವ ಹಿಂದೆ ಉಳಿದು ಹೊಸ ಹೆಸರಿಗೆ ಬಾಲವಾಗುತ್ತಿತ್ತು.

ಎಡಿಟರಿಗೆ ಜೋಡಿಸಿದಾಗ ಮತ್ತೊಂದು ಲೆಕ್ಕ ಬಂತು. ಎಡಿಟರೂ ಭಾಷೆಯ ಸಾಧನವೂ ಮಾತಾಡಿಕೊಳ್ಳುವ ಲ್ಯಾಂಗ್ವೇಜ್ ಸರ್ವರ್ ಪ್ರೋಟೋಕಾಲ್ ಕಾಲಮ್ಮನ್ನು ರೂಢಿಯಲ್ಲಿ ಯುಟಿಎಫ್-16 ಘಟಕಗಳಲ್ಲಿ ಎಣಿಸುತ್ತದೆ. ಕನ್ನಡದ್ದೆಲ್ಲ ಒಂದೊಂದೇ ಘಟಕ, ತೊಂದರೆ ಇಲ್ಲ. ಕಾಮೆಂಟಿನಲ್ಲಿ ಎಮೋಜಿ ಇದ್ದರೆ ಅದು ಸಾಮಾನ್ಯವಾಗಿ ಎರಡು. ಆ ಸಾಲಿನ ಉಳಿದದ್ದೆಲ್ಲ ಒಂದೊಂದು ಜರುಗುತ್ತದೆ. ಹೊರಗೆ ಕಳಿಸುವಾಗ ಮಾತ್ರ ಪರಿವರ್ತಿಸಿದೆ, ಒಳಗೆ ಕೋಡ್ ಪಾಯಿಂಟೇ.

ಟರ್ಮಿನಲ್ಲಿನಲ್ಲಿ ತಪ್ಪು ತೋರಿಸುವಾಗ ಹೆಸರಿನ ಕೆಳಗೆ `^` ಗುರುತುಗಳ ಗೆರೆ ಎಳೆಯುವ ಅಭ್ಯಾಸ ನನಗಿತ್ತು. `ಕನ್ನಡ` ಐದು ಕೋಡ್ ಪಾಯಿಂಟ್, ಕಣ್ಣಿಗೆ ಮೂರೇ ಅಕ್ಷರ, ಟರ್ಮಿನಲ್ ಕೊಡುವ ಅಗಲ ಅದರ ಇಷ್ಟ. ಐದು ಗುರುತು ಹಾಕಿದರೆ ಪಕ್ಕದ ಹೆಸರಿನ ಕೆಳಗೂ ಗೆರೆ ಬೀಳುತ್ತದೆ. ಮೂರು ಹಾಕಿದರೆ ಇನ್ನೊಂದು ಟರ್ಮಿನಲ್ಲಿನಲ್ಲಿ ಸಾಲದು. ಒಂದು ಸಂಜೆ ಪೂರ್ತಿ ಅಗಲ ಅಳೆಯಲು ಒದ್ದಾಡಿ ಬಿಟ್ಟೆ. ಈಗ ಕೆಳಗೆ ಗೆರೆ ಎಳೆಯುವುದಿಲ್ಲ, ಸಾಲಿನೊಳಗೇ ಆರಂಭದಲ್ಲೊಂದು, ಕೊನೆಯಲ್ಲೊಂದು ಗುರುತು ತೂರಿಸುತ್ತೇನೆ:

```
ಸಾಲು 12: (ಸೇರಿಸು »ಬೆಲೆ« ಬೆಲೆ)
```